ಪೆನ್ಸಿಲ್ ಎಲ್ಲಿ ಹೋಯಿತು?

ಜೂನ್ ತಿಂಗಳು. ಶಾಲೆ ತೆರೆದು ಎರಡು ವಾರ ಕಳೆದಿತ್ತಷ್ಟೇ. ಐದನೇ ತರಗತಿಯ ಮಗನ ಕಂಪಾಸ್ ಪೆಟ್ಟಿಗೆ ತೆಗೆದು ನೋಡಿದ ತಾಯಿಗೆ ಸಿಟ್ಟು ನೆತ್ತಿಗೇರಿತು. ಹತ್ತು ಪೆನ್ಸಿಲ್‌ಗಳಿದ್ದ ಹೊಸ ಡಬ್ಬಿ ತಂದುಕೊಟ್ಟದ್ದು ತಿಂಗಳ ಮೊದಲ ದಿನ. ಈಗ ಉಳಿದಿರುವುದು ಐದೇ ಐದು.

“ಎಲ್ಲೋ ಉಳಿದದ್ದು?”

“ಕಳೆದುಹೋಯ್ತಮ್ಮಾ.”

“ಐದಕ್ಕೆ ಐದೂ ಕಳೆದುಹೋದವಾ?”

ಹುಡುಗ ನೆಲ ನೋಡುತ್ತಾ ನಿಂತ. ಬೇರೆ ಮಾತು ಬರಲಿಲ್ಲ. ಸಂಜೆ ತಂದೆಯ ಕಿವಿಗೂ ಸುದ್ದಿ ಬಿತ್ತು. “ಇವತ್ತು ಪೆನ್ಸಿಲ್, ನಾಳೆ ಪುಸ್ತಕ, ನಾಡಿದ್ದು ಛತ್ರಿ. ದುಡ್ಡೇನು ಮರದಲ್ಲಿ ಬಿಡುತ್ತಾ?” ಎಂದು ಗದರಿಕೆಯಾಯಿತು. ಬೆನ್ನಿಗೆ ಎರಡು ಏಟೂ ಬಿತ್ತು. ಅಂದಿನಿಂದ ತಾಯಿ ಒಂದು ಉಪಾಯ ಹೂಡಿದಳು. ಪ್ರತಿ ಪೆನ್ಸಿಲ್‌ನ ಹಿಂತುದಿಯಲ್ಲಿ ಚಾಕುವಿನಿಂದ ಎರಡು ಗೀರು. ದಿನಾ ಸಂಜೆ ಲೆಕ್ಕ. ಆದರೂ ವಾರ ಕಳೆಯುವಷ್ಟರಲ್ಲಿ ಐದಿದ್ದದ್ದು ನಾಲ್ಕಾಯಿತು.

ಶಾಲೆಯಲ್ಲಿ ನಡೆಯುತ್ತಿದ್ದುದು ಇಷ್ಟೇ. ಹುಡುಗನ ಮುಂದಿನ ಸಾಲಿನಲ್ಲಿ ಆ ವರ್ಷವೇ ಸೇರಿದ ಇನ್ನೊಬ್ಬ ಹುಡುಗ ಕೂರುತ್ತಿದ್ದ. ಕಟ್ಟಡದ ಕೆಲಸಕ್ಕೆಂದು ದೂರದ ಜಿಲ್ಲೆಯಿಂದ ಬಂದ ಕುಟುಂಬ ಅವನದು. ಅವನ ಬಳಿ ಇದ್ದದ್ದು ಬೆರಳ ತುದಿಗೂ ಸಿಗದಷ್ಟು ಚಿಕ್ಕದಾದ ಪೆನ್ಸಿಲ್ ತುಂಡು. ಅದನ್ನು ಖಾಲಿ ಪೆನ್ನಿನ ಕೊಳವೆಗೆ ಸಿಕ್ಕಿಸಿಕೊಂಡು ಬರೆಯುತ್ತಿದ್ದ. ಬರೆಯುವಾಗ ಅದು ಒಳಕ್ಕೆ ಜಾರುತ್ತಿತ್ತು. ಲೆಕ್ಕ ಮುಗಿಯುವ ಮೊದಲೇ ಮೇಷ್ಟರು ಕರಿಹಲಗೆ ಒರೆಸಿಬಿಡುತ್ತಿದ್ದರು.

ಪೆನ್ಸಿಲ್ ಕೊಡುತ್ತೇನೆಂದರೆ ಅವನು ತೆಗೆದುಕೊಳ್ಳುವವನಲ್ಲ. ಒಮ್ಮೆ ಕೇಳಿ ನೋಡಿ, “ಬೇಡ, ನನ್ನ ಹತ್ರ ಐತಿ” ಎನ್ನಿಸಿಕೊಂಡೂ ಆಗಿತ್ತು. ಹಾಗಾಗಿ ಹುಡುಗ ಬೇರೆ ದಾರಿ ಹುಡುಕಿದ. ಪ್ರಾರ್ಥನೆಗೆ ಎಲ್ಲರೂ ಹೊರಗೆ ಹೋದಾಗ ಒಂದು ಪೆನ್ಸಿಲನ್ನು ಅವನು ಕೂರುವ ಜಾಗದ ಹತ್ತಿರ ನೆಲದ ಮೇಲೆ ಬೀಳಿಸಿ ಬರುವುದು. ಆಮೇಲೆ, “ಇಲ್ಲಿ ಯಾರದ್ದೋ ಬಿದ್ದಿದೆ ನೋಡು. ನನ್ನದಲ್ಲ, ನಿನ್ನದಾ?” ಎನ್ನುವುದು. ಯಾರದ್ದೂ ಅಲ್ಲದ ಪೆನ್ಸಿಲ್ ಸಿಕ್ಕವರ ಪಾಲು. ಇದು ಮಕ್ಕಳ ಲೋಕದ ಕಾನೂನು. ಅಲ್ಲಿ ಕೊಟ್ಟವನೂ ಇಲ್ಲ, ಪಡೆದವನೂ ಇಲ್ಲ.

ಈ ಹುಡುಗನಿಗೆ ಹೆಸರಿಡಬೇಕಾಗಿಲ್ಲ, ಅವನ ಶಾಲೆ ಯಾವ ಊರಿನದೆಂದು ಹೇಳಬೇಕಾಗಿಯೂ ಇಲ್ಲ. ಅವನು ಒಬ್ಬನಲ್ಲ. ಪ್ರತಿ ತರಗತಿಯಲ್ಲೂ ಅವನಂಥ ಒಬ್ಬಿಬ್ಬರು ಇರುತ್ತಾರೆ. ಮನೆಯಲ್ಲಿ ‘ಬೇಜವಾಬ್ದಾರಿ’ ಎಂದೋ, ಶಾಲೆಯಲ್ಲಿ ‘ಸಾಧಾರಣ’ ಎಂದೋ ಕರೆಸಿಕೊಂಡು ಸುಮ್ಮನಿರುತ್ತಾರೆ. ಅಂಕಪಟ್ಟಿಯಲ್ಲಿ ಇವರ ಈ ಗುಣಕ್ಕೆ ಕಾಲಂ ಇಲ್ಲ.

ಯಾರಿಗೂ ಕಾಣದ ಲೆಕ್ಕ

ಮಕ್ಕಳ ಔದಾರ್ಯ ದೊಡ್ಡವರ ಔದಾರ್ಯದಂತೆ ಸದ್ದು ಮಾಡುವುದಿಲ್ಲ. ಜ್ವರ ಬಂದು ನಾಲ್ಕು ದಿನ ಶಾಲೆ ತಪ್ಪಿಸಿದವಳ ನೋಟ್ ಪುಸ್ತಕದಲ್ಲಿ ಯಾರೋ ಪಾಠ ಬರೆದಿಟ್ಟಿರುತ್ತಾರೆ. ಕಬಡ್ಡಿಗೆ ತಂಡ ಆರಿಸುವಾಗ ಯಾವಾಗಲೂ ಕೊನೆಗೆ ಉಳಿಯುವವನನ್ನು ನಾಯಕನೊಬ್ಬ ಅಂದು ಎರಡನೆಯವನಾಗಿ ಕರೆದುಬಿಡುತ್ತಾನೆ. ತಡವರಿಸುತ್ತಾ ಓದುವ ಹುಡುಗಿಗೆ ಪಕ್ಕದವಳು ತುಟಿ ಅಲ್ಲಾಡಿಸದೆ ಮುಂದಿನ ಪದ ಉಸುರುತ್ತಾಳೆ. ಚಡ್ಡಿ ಹರಿದದ್ದು ಕಾಣದಂತೆ ಗೆಳೆಯನ ಹಿಂದೆಯೇ ಅಂಟಿಕೊಂಡು ನಡೆಯುವವನೊಬ್ಬ. ಇಡೀ ತರಗತಿ ಗೊಳ್ಳೆಂದು ನಕ್ಕಾಗ ನಗದೆ ಕುಳಿತವನೊಬ್ಬ. ಶಾಯಿ ಪೆನ್ನಿನ ಕಾಲದಲ್ಲಿ ಒಂದು ಪೆನ್ನಿನಿಂದ ಇನ್ನೊಂದಕ್ಕೆ ಎಣಿಸಿ ಬಿಟ್ಟ ಹನಿಗಳೂ ಇದೇ ಜಾತಿಯವು.

ಇದನ್ನೆಲ್ಲ ಮಕ್ಕಳು ಗುಟ್ಟಾಗಿ ಮಾಡುವುದೇಕೆ? ಮೊದಲ ಕಾರಣ ದೊಡ್ಡವರ ಭಯ. ಮನೆಯಲ್ಲಿ ಹೇಳಿದರೆ “ನೀನೇನು ಧರ್ಮಛತ್ರ ಇಟ್ಟಿದ್ದೀಯಾ?” ಎಂಬ ಮಾತು ಬರುವುದು ಗೊತ್ತು. ಎರಡನೆಯದು ಗೆಳೆಯರ ಭಯ. ಯಾರನ್ನು ಎಲ್ಲರೂ ದೂರವಿಟ್ಟಿರುತ್ತಾರೋ ಅವರ ಪಕ್ಕ ನಿಂತರೆ ತಾನೂ ದೂರವಾಗಬೇಕಾದೀತು ಎಂಬ ಅಳುಕು. ಮೂರನೆಯ ಕಾರಣ ಈ ಎರಡಕ್ಕಿಂತ ದೊಡ್ಡದು. ಪಡೆದುಕೊಳ್ಳುವವನ ಮುಖ ಸಣ್ಣದಾಗಬಾರದು ಎಂಬ ತಿಳಿವಳಿಕೆ. ಈ ತಿಳಿವಳಿಕೆಯನ್ನು ಯಾವ ಪಠ್ಯಪುಸ್ತಕವೂ ಕಲಿಸಿರುವುದಿಲ್ಲ. ಒಮ್ಮೆಯಾದರೂ ತನ್ನ ಮುಖ ಸಣ್ಣದಾದ ಮಗುವಿಗೆ ಅದು ತಾನಾಗಿ ಬರುತ್ತದೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ದೊಡ್ಡವರು ಭಾಷಣಗಳಲ್ಲಿ ಹೇಳುತ್ತಾರೆ. ದೇವಸ್ಥಾನಕ್ಕೆ ಒಂದು ಟ್ಯೂಬ್‌ಲೈಟ್ ಕೊಟ್ಟರೂ ಅದರ ಮೇಲೆ ಹೆಸರು ಬರೆಸುತ್ತಾರೆ. ಮಾತನ್ನು ಅಕ್ಷರಶಃ ಪಾಲಿಸುವವರು ಈ ಮಕ್ಕಳೇ.

ಒಂದು ಗೋಣಿತಟ್ಟು, ಒಂದು ಹನಿ ಕಣ್ಣೀರು

ಸಣ್ಣ ದಯೆಯ ಬೆಲೆ ತಿಳಿಯಬೇಕಾದರೆ ಅದು ಇಲ್ಲದ ತರಗತಿ ಹೇಗಿರುತ್ತದೆ ಎಂದು ನೋಡಬೇಕು. ಡಾ. ಬಿ. ಆರ್. ಅಂಬೇಡ್ಕರ್ ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದಿದ್ದಾರೆ. ತರಗತಿಯಲ್ಲಿ ಅವರಿಗೆ ಉಳಿದ ಹುಡುಗರ ಜೊತೆ ಜಾಗವಿರಲಿಲ್ಲ. ಒಂದು ಮೂಲೆಯಲ್ಲಿ, ತಾವೇ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಶಾಲೆ ಗುಡಿಸುವ ಆಳು ಕೂಡ ಆ ತಟ್ಟನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ಸಂಜೆ ಅದನ್ನು ಮನೆಗೆ ಹೊತ್ತು, ಮರುದಿನ ಮತ್ತೆ ತರಬೇಕಿತ್ತು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ. ಮೇಷ್ಟರ ಅನುಮತಿ ಪಡೆದು, ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು. ಜವಾನನಿಲ್ಲದಿದ್ದರೆ ಬಾಯಾರಿಕೆಯಲ್ಲೇ ಇರಬೇಕು.

ಆ ತರಗತಿಯಲ್ಲಿ ಎಷ್ಟೋ ಹುಡುಗರಿದ್ದರು. ನಲ್ಲಿ ತಿರುಗಿಸುವುದು ಅವರಲ್ಲಿ ಯಾರಿಗೂ ಆಗದ ಕೆಲಸವಾಗಿರಲಿಲ್ಲ. ಆದರೆ ತಿರುಗಿಸಕೂಡದು ಎಂದು ದೊಡ್ಡವರು ಕಲಿಸಿಬಿಟ್ಟಿದ್ದರು. ಮಕ್ಕಳ ಕೈ ಕಟ್ಟುವುದು ಮಕ್ಕಳ ಸ್ವಭಾವವಲ್ಲ, ದೊಡ್ಡವರು ಹಾಕಿದ ಗಂಟು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಇದರ ಎದುರಿಗೆ ರಾಮೇಶ್ವರದ ಇನ್ನೊಂದು ತರಗತಿಯನ್ನು ಇಟ್ಟು ನೋಡಬಹುದು. 2002ರಿಂದ 2007ರವರೆಗೆ ರಾಷ್ಟ್ರಪತಿಯಾಗಿದ್ದ ಎ. ಪಿ. ಜೆ. ಅಬ್ದುಲ್ ಕಲಾಂ 1999ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆ ‘ವಿಂಗ್ಸ್ ಆಫ್ ಫೈರ್’ನಲ್ಲಿ ಇದನ್ನು ಹೇಳಿದ್ದಾರೆ. ಐದನೇ ತರಗತಿಯಲ್ಲಿದ್ದಾಗ ಅವರು ಮುಂದಿನ ಸಾಲಿನಲ್ಲಿ ಗೆಳೆಯ ರಾಮನಾಥ ಶಾಸ್ತ್ರಿಯ ಪಕ್ಕ ಕೂರುತ್ತಿದ್ದರು. ರಾಮನಾಥ, ಅಲ್ಲಿನ ದೇವಾಲಯದ ಅರ್ಚಕ ಪಕ್ಷಿ ಲಕ್ಷ್ಮಣ ಶಾಸ್ತ್ರಿಗಳ ಮಗ. ಹೊಸದಾಗಿ ಬಂದ ಉಪಾಧ್ಯಾಯರಿಗೆ ಅರ್ಚಕರ ಮಗನ ಪಕ್ಕ ಮುಸ್ಲಿಂ ಹುಡುಗ ಕೂರುವುದು ಸರಿಬರಲಿಲ್ಲ. ಕಲಾಂರನ್ನು ಎಬ್ಬಿಸಿ ಹಿಂದಿನ ಬೆಂಚಿಗೆ ಕಳಿಸಿದರು.

ರಾಮನಾಥ ಏನು ಮಾಡಬಲ್ಲವನಾಗಿದ್ದ? ಮೇಷ್ಟರಿಗೆ ಎದುರಾಡುವ ವಯಸ್ಸಲ್ಲ. ಗೆಳೆಯ ಹಿಂದಿನ ಸಾಲಿಗೆ ಹೋಗುವುದನ್ನು ನೋಡಿ ಅವನು ಅತ್ತುಬಿಟ್ಟ. ಮನೆಗೆ ಹೋಗಿ ಇಬ್ಬರೂ ನಡೆದದ್ದನ್ನು ಹೇಳಿದರು. ಲಕ್ಷ್ಮಣ ಶಾಸ್ತ್ರಿಗಳು ಉಪಾಧ್ಯಾಯರನ್ನು ಕರೆಸಿ, ಎಳೆಯ ಮನಸ್ಸುಗಳಲ್ಲಿ ಇಂಥ ವಿಷ ಬಿತ್ತಕೂಡದೆಂದು ಖಂಡಿತವಾಗಿ ತಿಳಿಸಿದರು. ಉಪಾಧ್ಯಾಯರು ತಪ್ಪು ತಿದ್ದಿಕೊಂಡರು. ಆದರೆ ಹಿರಿಯರ ಆ ನ್ಯಾಯಕ್ಕಿಂತ ಮೊದಲೇ ಒಂದು ನ್ಯಾಯ ಸಿಕ್ಕಾಗಿತ್ತು. ಗೆಳೆಯ ಅತ್ತ ಆ ಚಿತ್ರ ತಮ್ಮ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿಯಿತೆಂದು ಕಲಾಂ ದಶಕಗಳ ನಂತರ ನೆನೆದರು. ಹತ್ತು ವರ್ಷದ ಹುಡುಗನೊಬ್ಬನ ಕಣ್ಣೀರು ಇಷ್ಟು ದೂರ ಹರಿಯಬಲ್ಲದು.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಮಗ ಮನೆಗೆ ಬಂದು ಹೇಳಿದಾಗ ಆ ತಂದೆ “ನಿನಗ್ಯಾಕೆ ಊರ ಉಸಾಬರಿ?” ಎನ್ನಲಿಲ್ಲ.

ಊಟದ ಗಂಟೆ

ಶಾಲೆಯಲ್ಲಿ ಇರುವವರು ಇಲ್ಲದವರು ಎಂಬ ಗೆರೆ ಎದ್ದು ಕಾಣುವುದು ಗಣಿತದ ತರಗತಿಯಲ್ಲಲ್ಲ, ಊಟದ ಗಂಟೆಯಲ್ಲಿ. ಹಿಂದೆ ವಾರಾನ್ನದ ಹುಡುಗರಿದ್ದರು. ಓದಲು ಪರಊರಿಗೆ ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳಲ್ಲಿ ಉಂಡು ವಾರ ಕಳೆಯುತ್ತಿದ್ದ. ಆ ಮನೆಗಳಲ್ಲಿ ಅವನ ಸಹಪಾಠಿಗಳೂ ಇರಬಹುದಾಗಿತ್ತು. ಒಂದೇ ಪಂಕ್ತಿಯಲ್ಲಿ ಉಂಡದ್ದನ್ನು ಮರುದಿನ ತರಗತಿಯಲ್ಲಿ ಎತ್ತಿ ಆಡುವವರು ಕೆಲವರು. ಏನೂ ಗೊತ್ತಿಲ್ಲದವರಂತೆ ಇದ್ದುಬಿಡುವವರು ಕೆಲವರು. ವಾರಾನ್ನದ ಹುಡುಗನ ಪಾಲಿಗೆ ಇವರಿಬ್ಬರ ನಡುವಿನ ಅಂತರ ಅನ್ನದಷ್ಟೇ ದೊಡ್ಡದಾಗಿತ್ತು.

ಕರ್ನಾಟಕದಲ್ಲಿ ಶಾಲಾ ಮಕ್ಕಳಿಗೆ ಬಿಸಿಯೂಟ ನೀಡುವ ಅಕ್ಷರ ದಾಸೋಹ ಯೋಜನೆ 2002ರ ಜೂನ್‌ನಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಯಿತು. ನಂತರ ಉಳಿದ ಜಿಲ್ಲೆಗಳಿಗೆ, ಮೇಲಿನ ತರಗತಿಗಳಿಗೆ ಹಬ್ಬಿತು. ಯೋಜನೆಗೆ ಇಟ್ಟ ಹೆಸರೇ ಅರ್ಥಪೂರ್ಣ. ದಾಸೋಹದಲ್ಲಿ ಕೊಡುವವನು ಮೇಲಲ್ಲ, ಉಣ್ಣುವವನು ಕೀಳಲ್ಲ, ಬಡಿಸುವವನೇ ದಾಸ. ಒಂದೇ ಸಾಲು, ಒಂದೇ ಅನ್ನ, ಒಂದೇ ಸಾರು. ಡಬ್ಬಿ ತಾರದ ಮಗು ಊಟದ ಹೊತ್ತಿಗೆ “ನಂಗೆ ಹಸಿವಿಲ್ಲ” ಎಂದು ಸುಳ್ಳು ಹೇಳಿ ಬಾವಿಕಟ್ಟೆಯ ಕಡೆಗೆ ನಡೆಯಬೇಕಾದ ದಿನಗಳು ಸಾವಿರಾರು ಶಾಲೆಗಳಲ್ಲಿ ಹೀಗೆ ಮುಗಿದವು.

ಆದರೆ ಖಾಸಗಿ ಶಾಲೆಗಳಲ್ಲಿ ಡಬ್ಬಿಯ ಲೋಕ ಇನ್ನೂ ಇದೆ. ಬೆಳಗಿನ ಅವಸರದಲ್ಲಿ ಡಬ್ಬಿ ಕಟ್ಟಿಕೊಡಲು ಯಾರೂ ಇಲ್ಲದ ಮಗು, ಮನೆಯಲ್ಲಿ ಕಾಯಿಲೆಯವರಿರುವ ಮಗು, ದಿನಾ ಅದೇ ಒಣ ಬ್ರೆಡ್ ತರುವ ಮಗು ಅಲ್ಲಿದ್ದಾರೆ. “ನಮ್ಮಮ್ಮ ಜಾಸ್ತಿ ಹಾಕಿಬಿಟ್ಟಿದ್ದಾಳೆ, ಖಾಲಿ ಮಾಡದೆ ಹೋದರೆ ಬೈತಾಳೆ, ಸ್ವಲ್ಪ ಸಹಾಯ ಮಾಡೇ” ಎಂದು ಚಪಾತಿ ಮುಂದೆ ಸರಿಸುವ ಹುಡುಗಿಯೂ ಅಲ್ಲೇ ಇದ್ದಾಳೆ. ಎಷ್ಟು ಚೆಂದದ ಸುಳ್ಳು! ಉಪಕಾರ ಮಾಡುವವಳು ತಾನಲ್ಲ, ಚಪಾತಿ ತಿಂದವಳೇ ಉಪಕಾರಿ.

ಇಂಥ ಹುಡುಗಿ ಮನೆಗೆ ಬಂದಾಗ ಕೆಲವೊಮ್ಮೆ ಕೇಳಬೇಕಾಗುವ ಪ್ರಶ್ನೆ: “ಯಾರ ಡಬ್ಬಿಯಲ್ಲಿ ತಿಂದೆ? ಅವರು ಯಾವ ಜನ?” ಇದನ್ನು ಕೇಳುವವರು ತಮ್ಮನ್ನು ಕೆಟ್ಟವರೆಂದು ಭಾವಿಸುವುದಿಲ್ಲ. ಶುಚಿ, ಆರೋಗ್ಯ ಎಂದು ಏನೋ ಒಂದು ಕಾರಣ ಇಟ್ಟುಕೊಂಡಿರುತ್ತಾರೆ. ಆದರೆ ಮಗುವಿಗೆ ಕೇಳಿಸುವುದು ಕಾರಣವಲ್ಲ, ಗೆರೆ. ಅಂಬೇಡ್ಕರರ ಶಾಲೆಯ ನಲ್ಲಿಯನ್ನು ಬಿಗಿದದ್ದೂ ಇಂಥದೇ ಮನೆಮಾತುಗಳು.

ವೇದಿಕೆಯ ಮೇಲೆ ತಂದ ದಯೆ

ಕೆಟ್ಟ ಮಾತಿನಿಂದ ಆಗುವ ಹಾನಿ ಎಲ್ಲರಿಗೂ ಗೊತ್ತು. ಒಳ್ಳೆಯ ಮಾತಿನಿಂದಲೂ ಹಾನಿಯಾಗುತ್ತದೆ ಎಂಬುದು ತಟ್ಟನೆ ಹೊಳೆಯುವುದಿಲ್ಲ. ಪೆನ್ಸಿಲ್ ಹುಡುಗನ ಗುಟ್ಟು ಮೇಷ್ಟರಿಗೆ ಗೊತ್ತಾಯಿತು ಎಂದುಕೊಳ್ಳೋಣ. ಅವರು ಸಜ್ಜನರು. ಮರುದಿನ ಪ್ರಾರ್ಥನೆಯ ಸಾಲಿನ ಮುಂದೆ ಹುಡುಗನನ್ನು ನಿಲ್ಲಿಸಿ, “ನೋಡಿ ಮಕ್ಕಳೇ, ಇವನು ಬಡ ಗೆಳೆಯನಿಗೆ ಪೆನ್ಸಿಲ್ ಕೊಡುತ್ತಿದ್ದಾನೆ. ಎಲ್ಲರೂ ಚಪ್ಪಾಳೆ ತಟ್ಟಿ” ಎನ್ನುತ್ತಾರೆ. ಚಪ್ಪಾಳೆಯಾಗುತ್ತದೆ. ಮುನ್ನೂರು ತಲೆಗಳು ಹಿಂದಕ್ಕೆ ತಿರುಗಿ ‘ಬಡ ಗೆಳೆಯ’ ಯಾರೆಂದು ಹುಡುಕುತ್ತವೆ.

ಆ ಬಡ ಗೆಳೆಯ ಮರುದಿನ ಶಾಲೆಗೆ ಬರುತ್ತಾನೆಯೇ? ಬಂದರೂ ಆ ಪೆನ್ಸಿಲ್‌ನಿಂದ ಬರೆಯುತ್ತಾನೆಯೇ? ಕೊಟ್ಟವನ ಪಕ್ಕದಲ್ಲಿ ಮೊದಲಿನಂತೆ ಗೋಲಿ ಆಡುತ್ತಾನೆಯೇ? ಒಂದು ಚಪ್ಪಾಳೆಯಲ್ಲಿ ಮೂರು ನಷ್ಟ: ಪಡೆದವನ ಮಾನ, ಕೊಟ್ಟವನ ಆನಂದ, ಇಬ್ಬರ ಗೆಳೆತನ. ಅಷ್ಟೇ ಅಲ್ಲ, ಮುಂದಿನ ಸಲ ಪೆನ್ಸಿಲ್ ಕೊಡುವ ಹುಡುಗರು ಮೇಷ್ಟರು ನೋಡುತ್ತಿದ್ದಾರೆಯೇ ಎಂದು ಮೊದಲು ನೋಡುತ್ತಾರೆ.

ಈಗಂತೂ ಮೊಬೈಲ್ ಬಂದಿದೆ. ಅನಾಥಾಶ್ರಮದಲ್ಲಿ ಮಗನ ಹುಟ್ಟುಹಬ್ಬ ಆಚರಿಸಿ, ಅಲ್ಲಿನ ಮಗುವಿನ ಬಾಯಿಗೆ ಕೇಕ್ ಇಡುವಾಗ “ಇಲ್ಲಿ ನೋಡು ಪುಟ್ಟಾ” ಎಂದು ಫೋಟೋ ತೆಗೆಯುವ ತಂದೆತಾಯಿ ಇದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಕೇಕ್ ತಿನ್ನುತ್ತಿರುವ ಮಗುವನ್ನು ಯಾರೂ ಕೇಳಿರುವುದಿಲ್ಲ. ಇದನ್ನು ನೋಡುತ್ತಾ ಬೆಳೆಯುವ ಮಗ ಕಲಿಯುವುದು ಕೊಡುವುದನ್ನಲ್ಲ, ಕೊಟ್ಟದ್ದನ್ನು ತೋರಿಸುವುದನ್ನು.

ಬೆಲೆ ಕಟ್ಟಿದರೆ

ಮಕ್ಕಳ ಈ ಗುಣವನ್ನು ಮನಶ್ಶಾಸ್ತ್ರಜ್ಞರು ಪರೀಕ್ಷೆಗೆ ಒಡ್ಡಿ ನೋಡಿದ್ದಾರೆ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿನೆಂಟು ತಿಂಗಳ ಕೂಸುಗಳಿದ್ದವು. ದೊಡ್ಡವನೊಬ್ಬ ಬಟ್ಟೆ ಒಣಹಾಕುವ ಕ್ಲಿಪ್ ಬೀಳಿಸಿ, ಎಟುಕದೆ ಒದ್ದಾಡುವಂತೆ ನಟಿಸುತ್ತಾನೆ. ಯಾರೂ ಹೇಳಿಕೊಡದಿದ್ದರೂ, ಬಹುಮಾನವಿಲ್ಲದಿದ್ದರೂ ಕೂಸುಗಳು ತೆವಳಿಕೊಂಡೋ ತಪ್ಪು ಹೆಜ್ಜೆ ಇಡುತ್ತಲೋ ಬಂದು ಅದನ್ನು ಎತ್ತಿಕೊಟ್ಟವು. ಇಪ್ಪತ್ತನಾಲ್ಕು ಮಕ್ಕಳಲ್ಲಿ ಇಪ್ಪತ್ತೆರಡು ಮಕ್ಕಳು ಒಮ್ಮೆಯಾದರೂ ನೆರವಾದರು.

ಅದೇ ಇಬ್ಬರು 2008ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಪ್ಪತ್ತು ತಿಂಗಳ ಮಕ್ಕಳಲ್ಲಿ ಒಂದು ಗುಂಪಿಗೆ ನೆರವಾದಾಗಲೆಲ್ಲ ಆಟದ ವಸ್ತು ಕೊಟ್ಟರು. ಇನ್ನೊಂದಕ್ಕೆ ಬಾಯಿಮಾತಿನ ಮೆಚ್ಚುಗೆ. ಮೂರನೆಯದಕ್ಕೆ ಏನೂ ಇಲ್ಲ. ಆಮೇಲೆ ಮತ್ತೆ ನೆರವಾಗುವ ಅವಕಾಶ ಬಂದಾಗ, ವಸ್ತು ಪಡೆದು ರೂಢಿಯಾದ ಮಕ್ಕಳೇ ಉಳಿದವರಿಗಿಂತ ಕಡಿಮೆ ನೆರವಾದರು. ತಾನಾಗಿ ಹರಿಯುತ್ತಿದ್ದ ತೊರೆಗೆ ಕೂಲಿ ಕೊಟ್ಟರೆ ಕೂಲಿ ನಿಂತಾಗ ತೊರೆಯೂ ನಿಲ್ಲುತ್ತದೆ. “ಅಕ್ಕನಿಗೆ ಸಹಾಯ ಮಾಡು, ಚಾಕೊಲೇಟ್ ಕೊಡ್ತೀನಿ” ಎನ್ನುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಹಾಗಾದರೆ ದಯೆಯಿಂದ ಮಗುವಿಗೆ ಲಾಭವೇ ಇಲ್ಲವೇ? ಇದೆ. ಕೆನಡಾದ ವ್ಯಾಂಕೂವರ್‌ನಲ್ಲಿ ಒಂಬತ್ತರಿಂದ ಹನ್ನೊಂದು ವರ್ಷದ ನಾನೂರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ನಾಲ್ಕು ವಾರಗಳ ಕಾಲ ಅರ್ಧ ಮಕ್ಕಳು ವಾರಕ್ಕೆ ಮೂರು ದಯೆಯ ಕೆಲಸ ಮಾಡಬೇಕು. ಉಳಿದವರು ವಾರಕ್ಕೆ ಮೂರು ಇಷ್ಟದ ಜಾಗಗಳಿಗೆ ಹೋಗಿಬರಬೇಕು. ಮಕ್ಕಳು ಮಾಡಿದ ಕೆಲಸಗಳೇನೂ ಘನವಾದವಲ್ಲ. ಯಾರಿಗೋ ತನ್ನ ಊಟದಲ್ಲಿ ಪಾಲು ಕೊಟ್ಟದ್ದು, ಕೆಲಸದಿಂದ ಬಳಲಿದ ಅಮ್ಮನನ್ನು ಅಪ್ಪಿಕೊಂಡದ್ದು, ಇಂಥವು. ಕೊನೆಗೆ ಎರಡೂ ಗುಂಪಿನವರ ಸಂತೋಷ ಹೆಚ್ಚಿತ್ತು. ಆದರೆ “ಯಾರ ಜೊತೆ ಕೂಡಿ ಕೆಲಸ ಮಾಡಲು ಇಷ್ಟ?” ಎಂದು ತರಗತಿಯವರನ್ನು ಕೇಳಿದಾಗ, ದಯೆಯ ಗುಂಪಿನ ಮಕ್ಕಳ ಹೆಸರನ್ನು ಮೊದಲಿಗಿಂತ ಹೆಚ್ಚು ಜನ ಹೇಳಿದ್ದರು. ಆ ಏರಿಕೆ ಇನ್ನೊಂದು ಗುಂಪಿಗಿಂತ ಸ್ಪಷ್ಟವಾಗಿ ದೊಡ್ಡದಿತ್ತು. ಆ ಕೆಲಸಗಳೆಲ್ಲ ಸಹಪಾಠಿಗಳಿಗೇ ಮಾಡಿದವಲ್ಲ ಎಂಬುದೇ ಸ್ವಾರಸ್ಯ. ಒಳಗೆ ಬದಲಾದದ್ದು ಹೊರಗೆ ಹೇಗೋ ಕಾಣಿಸಿಕೊಂಡಿತ್ತು.

ಎಲ್ಲ ಗುಟ್ಟೂ ಒಂದೇ ಅಲ್ಲ

ಇಷ್ಟು ಓದಿ, ಮಗುವಿನ ಪೆನ್ಸಿಲ್ ಮಾಯವಾದರೆ ಸುಮ್ಮನೆ ಖುಷಿಪಟ್ಟುಬಿಡಬೇಕು ಎಂದರೆ ಅದೂ ಸರಿಯಲ್ಲ. ಕೊಡುವುದರಲ್ಲಿ ಮೂರು ಬಗೆ ಇದೆ. ಮನಸ್ಸು ಕರಗಿ ಕೊಡುವುದು ಒಂದು. ಗೆಳೆತನವನ್ನು ಕೊಳ್ಳಲು ಕೊಡುವುದು ಇನ್ನೊಂದು. ಬೆದರಿಕೆಗೆ ಹೆದರಿ ಕೊಡುವುದು ಮೂರನೆಯದು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಪೆನ್ಸಿಲ್ ಇಲ್ಲ, ಮಗು ಬಾಯಿ ಬಿಡುವುದಿಲ್ಲ.

ವ್ಯತ್ಯಾಸ ಮಗುವಿನ ಮುಖದಲ್ಲಿದೆ. ಮನಸ್ಸಾರೆ ಕೊಟ್ಟ ಮಗು ಬೈಸಿಕೊಂಡರೂ ಉಂಡು ಮಲಗುತ್ತದೆ, ಬೆಳಗ್ಗೆ ಶಾಲೆಗೆ ಓಡುತ್ತದೆ. ಹೆದರಿ ಕೊಟ್ಟ ಮಗುವಿಗೆ ಭಾನುವಾರ ಸಂಜೆಯೇ ಹೊಟ್ಟೆನೋವು ಆರಂಭವಾಗುತ್ತದೆ. ಶಾಲೆಯ ದಾರಿ ಬದಲಿಸುತ್ತದೆ, ನಿದ್ದೆಯಲ್ಲಿ ಬೆಚ್ಚುತ್ತದೆ. ಗೆಳೆತನ ಕೊಳ್ಳುವ ಮಗು ದಿನಕ್ಕೊಂದು ಹೊಸ ವಸ್ತು ಬೇಡುತ್ತದೆ, ಆದರೂ ಆಟಕ್ಕೆ ಒಂಟಿಯಾಗಿಯೇ ಇರುತ್ತದೆ. ಇವೆರಡೂ ಕಂಡರೆ ಮೆಲ್ಲಗೆ ಮಾತಿಗೆಳೆಯಬೇಕು, ಉಪಾಧ್ಯಾಯರನ್ನು ಕಾಣಬೇಕು. ಅಲ್ಲಿ ಗುಟ್ಟನ್ನು ಗೌರವಿಸುತ್ತಾ ಕೂರುವುದು ತಪ್ಪು.

ಮಕ್ಕಳೂ ಕೆಲವು ಗೆರೆ ತಿಳಿದಿರಬೇಕು. ಪರೀಕ್ಷೆಯಲ್ಲಿ ಉತ್ತರ ತೋರಿಸುವುದು ದಯೆಯಲ್ಲ. ಹಿಂದಿನ ದಿನ ಕೂತು ಹೇಳಿಕೊಡುವುದು ದಯೆ. ಅಪ್ಪನ ಜೇಬಿನಿಂದ ಕೇಳದೆ ತೆಗೆದು ಕೊಟ್ಟದ್ದು ಅಪ್ಪನ ದಾನವೂ ಅಲ್ಲ, ಮಗನ ದಾನವೂ ಅಲ್ಲ. ಗೆಳತಿಯೊಬ್ಬಳು ಮೈಮೇಲಿನ ಬಾಸುಂಡೆ ತೋರಿಸಿ “ಯಾರಿಗೂ ಹೇಳಬೇಡ” ಎಂದರೆ, ಆ ಗುಟ್ಟನ್ನು ಕಾಪಾಡುವುದು ಅವಳನ್ನು ಕಾಪಾಡಿದಂತಲ್ಲ. ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಲೇಬೇಕು. ಹೇಳಿದವರು ಕಿವಿಗೆ ಹಾಕಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಬೇಕು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪಡೆದುಕೊಳ್ಳುವುದೂ ಕಲಿಯಬೇಕಾದ ವಿದ್ಯೆ. ನೆಲದ ಮೇಲೆ ಬಿದ್ದ ಪೆನ್ಸಿಲ್ ಯಾರದ್ದೆಂದು ಮುಂದಿನ ಸಾಲಿನ ಹುಡುಗನಿಗೆ ಎರಡನೆಯ ಸಲಕ್ಕೇ ಗೊತ್ತಾಗಿರಬಹುದು. ವಾರ ವಾರವೂ ಅದೇ ಜಾಗದಲ್ಲಿ ಹೊಸ ಪೆನ್ಸಿಲ್ ಬೀಳುವುದಿಲ್ಲವೆಂಬುದು ತಿಳಿಯದಷ್ಟು ದಡ್ಡನಲ್ಲ ಅವನು. ಆದರೂ “ಯಾರದ್ದೋ ಏನೋ” ಎಂದು ತೆಗೆದುಕೊಂಡ. ಕೊಡುವವನ ಗುಟ್ಟನ್ನು ಅವನೂ ಕಾಪಾಡಿದ. ಗಾಳಿಪಟದ ದಾರ ಸಿಕ್ಕುಹಾಕಿಕೊಂಡಾಗ ಅದನ್ನು ಬಿಡಿಸಿಕೊಡಲು ಮೊದಲು ಓಡಿ ಬರುತ್ತಿದ್ದವನು ಅವನೇ. ಮಕ್ಕಳ ಲೆಕ್ಕದಲ್ಲಿ ಜಮಾ ಖರ್ಚು ಹೀಗೆ ಸರಿಹೋಗುತ್ತದೆ.

ಗೀರು ಇಲ್ಲದ ಪೆನ್ಸಿಲ್

ಆಗಸ್ಟ್ ಹದಿನೈದರಂದು ಧ್ವಜಾರೋಹಣಕ್ಕೆ ಪೋಷಕರಿಗೂ ಕರೆ ಇತ್ತು. ಕಾರ್ಯಕ್ರಮ ಮುಗಿದು ಲಾಡು ಹಂಚುವ ಹೊತ್ತಿಗೆ ಮಳೆ ಬಂತು. ತಾಯಿ ಮಗನ ತರಗತಿಯ ಬಾಗಿಲಲ್ಲಿ ನಿಂತಳು. ಒಳಗೆ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ತಲೆ ಬಗ್ಗಿಸಿ ಬಾವುಟದ ಚಿತ್ರ ಬರೆಯುತ್ತಿದ್ದ. ಅಂಗಿಯ ಗುಂಡಿಯ ಜಾಗದಲ್ಲಿ ಪಿನ್ನು. ಕೈಯಲ್ಲಿ ಅರ್ಧ ಸವೆದ ಪೆನ್ಸಿಲ್. ಅದರ ಹಿಂತುದಿಯಲ್ಲಿ ಚಾಕುವಿನ ಎರಡು ಗೀರು.

ತಾಯಿಯ ಬಾಯಿಗೆ ಮಾತು ಬಂದಿತ್ತು. “ಏಯ್, ಇದು ನಮ್ಮ...” ಎನ್ನುವಷ್ಟರಲ್ಲಿ ಕಿಟಕಿಯ ಬಳಿ ನಿಂತಿದ್ದ ಮಗನ ಮುಖ ಕಂಡಿತು. ಅವನ ಮುಖದಲ್ಲಿ ಏಟಿನ ಭಯವಿರಲಿಲ್ಲ. ಆ ಏಟು ಅವನು ಎಂದೋ ತಿಂದಾಗಿತ್ತು. ಅಲ್ಲಿದ್ದದ್ದು ಬೇಡಿಕೆ. ಅಮ್ಮಾ, ಹೇಳಬೇಡ.

ತಾಯಿ ಹೇಳಲಿಲ್ಲ. “ಎಷ್ಟು ಚೆನ್ನಾಗಿ ಬರೆದಿದ್ದೀಯಪ್ಪಾ” ಎಂದು ಆ ಹುಡುಗನ ಚಿತ್ರ ನೋಡಿ ಈಚೆಗೆ ಬಂದಳು. ಮಳೆ ನಿಂತ ಮೇಲೆ ಒಂದೇ ಛತ್ರಿ ಮಡಚಿ ಹಿಡಿದು ಇಬ್ಬರೂ ಮನೆಗೆ ನಡೆದರು. ದಾರಿಯುದ್ದಕ್ಕೂ ಪೆನ್ಸಿಲ್ ಮಾತು ಬರಲಿಲ್ಲ. ಜೂನ್ ತಿಂಗಳಲ್ಲಿ ಬೆನ್ನಿಗೆ ಬಿದ್ದ ಎರಡು ಏಟುಗಳ ನೆನಪು ಮಾತ್ರ ಅವಳನ್ನು ಬಿಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಗನ ತಟ್ಟೆಗೆ ತುಪ್ಪ ಒಂದು ಚಮಚ ಹೆಚ್ಚೇ ಬಿತ್ತು.

ಸೆಪ್ಟೆಂಬರ್ ಒಂದರಂದು ಹುಡುಗ ಕಂಪಾಸ್ ಪೆಟ್ಟಿಗೆಯ ಪಕ್ಕ ಹೊಸ ಪೆನ್ಸಿಲ್ ಡಬ್ಬಿ ಕಂಡ. ಒಂದಲ್ಲ, ಎರಡು. ಒಂದೊಂದೇ ಪೆನ್ಸಿಲ್ ತೆಗೆದು ತಿರುಗಿಸಿ ನೋಡಿದ. ಯಾವುದರ ತುದಿಯಲ್ಲೂ ಗೀರು ಇರಲಿಲ್ಲ.

ಅಡುಗೆಮನೆಯಿಂದ ಕೂಗು ಬಂತು. “ಹೊತ್ತಾಯ್ತು, ಶಾಲೆಗೆ ಹೊರಡೋ.”

ಹುಡುಗ ಎರಡೂ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಓಡಿದ.